ಅಪ್ಪನ ಹೆಸರಿನಲ್ಲಿದ್ದ ಬಿಪಿ

ನಮ್ಮ ಮನೆಯಲ್ಲಿ ನೆಟ್ಟಗೆ ನಿಲ್ಲುವ ಚೊಂಬು ಒಂದೂ ಇಲ್ಲ. ದಾವಣಗೆರೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ನಿಟ್ಟುವಳ್ಳಿಯ ನಮ್ಮ ಬೀದಿಯಲ್ಲಿ ಯಾರ ಅಡುಗೆಮನೆಗೆ ಇಣುಕಿದರೂ ನಮ್ಮ ಅಂಗಡಿಯ ಸ್ಟೀಲು ಫಳಫಳ ಹೊಳೆಯುತ್ತದೆ. ನಮ್ಮಲ್ಲಿ ಮಾತ್ರ ತಟ್ಟೆ ನೆಲಕ್ಕಿಟ್ಟರೆ ಬುಗುರಿಯಂತೆ ತಿರುಗುತ್ತದೆ, ಲೋಟ ಪಕ್ಕದ ಮನೆಯ ಮಾತಿಗೆ ಕಿವಿಗೊಟ್ಟಂತೆ ಒಂದು ಕಡೆ ವಾಲುತ್ತದೆ. ಯಾಕೆಂದರೆ ಅಪ್ಪ ಎಸೆಯುತ್ತಾನೆ. ಸಾರು ಆರಿದ್ದರೆ ಬಟ್ಟಲು, ಕರೆಂಟು ಹೋದರೆ ಟಾರ್ಚು, ನಾನು ಬಾಯಿ ತೆರೆದರೆ ಕೈಗೆ ಸಿಕ್ಕಿದ್ದು.

"ಬಿಪಿ ಐತೆ ಅವರಿಗೆ, ಎದುರು ಮಾತಾಡಬ್ಯಾಡ" ಎನ್ನುವುದು ನಮ್ಮ ಮನೆಯ ಮೂಲಮಂತ್ರ. ನನಗೆ ತೊದಲುಮಾತು ಬರುವ ಮೊದಲೇ ಅದು ಕಿವಿಗೆ ಬಿದ್ದಿತ್ತು.

ನಮ್ಮ ಕಡೆ ಬಿಪಿ ಎಂದರೆ ಕಾಯಿಲೆಯಲ್ಲ, ಸಿಟ್ಟು. "ಯಾಕಲೇ, ಬಿಪಿ ಏರ್ತೈತಾ?" ಎಂದರೆ ಹೊಡೆದಾಟಕ್ಕೆ ಬರುತ್ತೀಯಾ ಎಂದರ್ಥ. "ನನ್ನ ಬಿಪಿ ಏರಿಸಬ್ಯಾಡ" ಎಂದರೆ ಇನ್ನೊಂದು ಮಾತಾಡಿದರೆ ಹಲ್ಲು ಉದುರುತ್ತವೆ ಎಂದರ್ಥ. ಅಪ್ಪನ ಅಪ್ಪ ಬಾಗಿಲು ತೆಗೆಯುವುದು ತಡವಾಯಿತೆಂದು ತನ್ನ ಮನೆಯ ಬಾಗಿಲನ್ನೇ ಕೊಡಲಿಯಲ್ಲಿ ಕಡಿದವನು. ಅವನ ಅಪ್ಪ ಸಂತೆಯಲ್ಲಿ ಒಬ್ಬನ ಕಿವಿ ಕಚ್ಚಿ ಬಂದವನು. ಈ ಕಥೆಗಳನ್ನು ಹಬ್ಬದ ಊಟದ ನಂತರ ಎಲೆಅಡಿಕೆ ಮೆಲ್ಲುತ್ತ ಹೇಳುವುದು ವಾಡಿಕೆ. "ನಮ್ಮ ಮನೆತನದ ಗಂಡಸರ ರಕ್ತ ಬಿಸಿ" ಎಂದು ಅಪ್ಪ ಮೀಸೆ ಮುಟ್ಟಿಕೊಳ್ಳುತ್ತಾನೆ. ನಮ್ಮಲ್ಲಿ ಹೊಲ, ಮನೆ, ಬಿಪಿ ಗಂಡುಮಕ್ಕಳ ಪಾಲಿಗೆ; ಸಕ್ಕರೆ ಕಾಯಿಲೆ, ಮಂಡಿನೋವು ಹೆಣ್ಣುಮಕ್ಕಳ ಪಾಲಿಗೆ.

ಅಪ್ಪನ ಬಿಪಿಯನ್ನು ಯಾರಾದರೂ ಯಂತ್ರ ಕಟ್ಟಿ ನೋಡಿದ್ದರೇ ಎಂದು ಕೇಳಬೇಡಿ. ನಾನು ಒಮ್ಮೆ ಕೇಳಿದ್ದೆ. "ನೋಡೋದೇನೈತಲೇ? ಕಾಣ್ತೈತಲ್ಲ!" ಎಂದು ಕಪಾಳಕ್ಕೆ ಕೊಟ್ಟ. ಕಂಡಿತು.

ಆದರೂ ಅಪ್ಪನಿಗೆ ಉಪ್ಪಿಲ್ಲದ ಅಡುಗೆ ಬೇರೆ. ಬಿಪಿಯ ಗೌರವಕ್ಕೆ ಅದು ಬೇಕು. ಸಣ್ಣ ಪಾತ್ರೆಯಲ್ಲಿ ಸಪ್ಪೆ ಸಾರು ಪ್ರತ್ಯೇಕ ಕುದಿಯುತ್ತದೆ. ಅದನ್ನು ಉಂಡು, ಸಪ್ಪೆಯೆಂದು ಸಿಟ್ಟು ಬಂದು, ಪಾತ್ರೆ ಎಸೆಯುತ್ತಾನೆ.

ಅವನು ಎಸೆಯುವುದನ್ನು ನಾನು ಚೆನ್ನಾಗಿ ಮಾಡಿ ತೋರಿಸುತ್ತೇನೆ. ಮೊದಲು ಎಡಹುಬ್ಬು ಏರುತ್ತದೆ, ಆಮೇಲೆ ಕೆಳತುಟಿ ಒಳಗೆ ಹೋಗುತ್ತದೆ, ಕಣ್ಣು ಎದುರಿನವನ ಮೇಲೇ ಇದ್ದರೂ ಕೈ ಮಾತ್ರ ಕುರುಡನಂತೆ ಪಕ್ಕದಲ್ಲಿ ತಡಕಾಡುತ್ತದೆ. ನೆಂಟರ ಮದುವೆಗಳಲ್ಲಿ ಇದಕ್ಕೆ ಒಳ್ಳೆಯ ಬೇಡಿಕೆ. ಒಂದು ಮದುವೆಯಲ್ಲಿ ಎಲ್ಲರೂ ನಗುತ್ತಿದ್ದವರು ತಟ್ಟನೆ ಸುಮ್ಮನಾದರು. ತಿರುಗಿ ನೋಡಿದರೆ ಅಸಲು ಪಾರ್ಟಿ ಹಿಂದೆ ನಿಂತಿದೆ. ಅಂದು ತಿಂದ ಏಟುಗಳ ನಡುವೆಯೂ ಅವನ ಮೊಣಕೈ ಎಷ್ಟು ಬಾಗುತ್ತದೆ ಎಂದು ಗಮನಿಸಿಟ್ಟುಕೊಂಡೆ. ನನ್ನದು ಸೌಟಿನಂಥ ದೇಹ: ಮೇಲೆ ತಲೆ, ಕೆಳಗೆ ಬರೀ ಕಡ್ಡಿ. ತಡೆದುಕೊಳ್ಳುವ ಶಕ್ತಿ ಇಲ್ಲ, ಕಲಿಯುವ ಆಸೆ ಇದೆ.

ಇನ್ನು ಅವ್ವ. ಅವ್ವ ಅಪ್ಪನ ಅಕ್ಕನ ಮಗಳು. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ಹೀಗಾಗಿ ಹರಿಹರದಲ್ಲಿರುವ ಅಜ್ಜಿ ಅಪ್ಪನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಆ ಅಜ್ಜಿಯನ್ನು ಕೊಟ್ಟಿದ್ದೂ ಅವಳ ಸೋದರಮಾವನ ಮಗನಿಗೇ. ವರಸೆ ಹಿಡಿದು ನೋಡಿದರೆ ನಾನು ಅಪ್ಪನಿಗೆ ಮಗನೂ ಹೌದು, ಮೊಮ್ಮಗನೂ ಹೌದು. ಏಟು ಮಾತ್ರ ಮಗನ ಪಾಲಿನವೇ ಬೀಳುತ್ತವೆ.

ಅವ್ವನಿಗೆ ಸಿಟ್ಟು ಬಂದಿದ್ದನ್ನು ಯಾರೂ ಕಂಡಿಲ್ಲ. ಎಡಹುಬ್ಬಿನ ಮೇಲೆ ಅವಳಿಗೊಂದು ಕಲೆಯಿದೆ. ನಾನು ಹುಟ್ಟುವ ಮೊದಲಿನದು, ಒಂದು ತಂಬಿಗೆಯ ಅಂಚಿನದು. ಯಾರಾದರೂ ಕೇಳಿದರೆ ಬಾಗಿಲು ತಾಗಿತು ಎನ್ನುತ್ತಾಳೆ. ದಿನವೂ ಗಂಡನನ್ನು "ಏನ್ರಿ" ಎಂದು ಕರೆಯುವವಳು, ಅವನ ಕೈ ಮೇಲೆದ್ದ ಗಳಿಗೆಯಲ್ಲಿ ಮಾತ್ರ "ಮಾಮ" ಎನ್ನುತ್ತಾಳೆ, ಹುಡುಗಿಯಾಗಿದ್ದಾಗ ಕರೆಯುತ್ತಿದ್ದಂತೆ. ಆ ಒಂದು ದನಿಯನ್ನು ನಾನು ಯಾವ ಮದುವೆಯಲ್ಲೂ ಅಣಕಿಸಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇದೆ. ನಡುನಡುವೆ ತಲೆ ತಿರುಗಿ ಗೋಡೆ ಹಿಡಿಯುತ್ತಿದ್ದಳು. ಅದಕ್ಕೆ ಮನೆಯವರೆಲ್ಲ ಕೂಡಿ ಒಂದು ಹೆಸರು ಕೊಟ್ಟಿದ್ದರು: ಲೋ ಬಿಪಿ. ಅಷ್ಟು ತಣ್ಣಗಿನ ಹೆಂಗಸಿಗೆ ಇನ್ನೇನಿರಲು ಸಾಧ್ಯ? ಲೋ ಬಿಪಿಗೆ ಮದ್ದು ಉಪ್ಪು. ಅದನ್ನು ಕೊಡುತ್ತಿದ್ದವನು ಅಪ್ಪ. ಬೇರೆ ಯಾರಿಗೂ ನೀರೂ ಬಗ್ಗಿಸಿ ಕೊಡದ ಆ ಮನುಷ್ಯ ಅವ್ವ ಗೋಡೆ ಹಿಡಿದಳೆಂದರೆ ತಾನೇ ಎದ್ದು ಹೋಗಿ, ನಿಂಬೆಹಣ್ಣು ಹಿಂಡಿ, ಮುಷ್ಟಿಯಿಂದ ಉಪ್ಪು ಸುರಿದು, ಕದಡಿ ತರುತ್ತಿದ್ದ. ಪಾತ್ರೆ ಎಸೆದ ದಿನವಂತೂ ಉಪ್ಪು ಇನ್ನೂ ಹೆಚ್ಚು. ಎದುರು ಕುಕ್ಕರುಗಾಲಲ್ಲಿ ಕೂತು, "ಪೂರ್ತಿ ಕುಡಿ. ತಳದಾಗ ಉಳೀತು ನೋಡು" ಎನ್ನುತ್ತಿದ್ದ. ಅಪ್ಪನಲ್ಲಿ ಪ್ರೀತಿ ಎಂಬುದು ಇದ್ದರೆ ಅದಷ್ಟೂ ಆ ಲೋಟದಲ್ಲಿತ್ತು.

ಅಂಗಡಿಯಲ್ಲಿ ಹೊಡೆದಾಟವಾದದ್ದು ಮದುವೆ ಸುಗ್ಗಿಯಲ್ಲಿ. ನಾನು ಒಂದು ಮೂಲೆಯಲ್ಲಿ ಕೂತು ಉಡುಗೊರೆ ತಟ್ಟೆಗಳ ಮೇಲೆ ಹೆಸರು ಕೊರೆಯುತ್ತಿದ್ದೆ. ಒಬ್ಬ ಗಿರಾಕಿ ಕೊಡ ನೋಡುತ್ತಿದ್ದವನು ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆದ. ಒಳ್ಳೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ ಎಂದು ಜನ ನಂಬುತ್ತಾರೆ. ಅದು ಕೊಡಕ್ಕೆ ಟಕ್ ಎಂದು ಕಚ್ಚಿಕೊಂಡಿತು.

"ಏನ್ ಸಾವ್ಕಾರ್ರೇ, ತಗಡು ಮಾರ್ತೀರೇನು?" ಎಂದ ಅವನು, ಅಂಗಡಿಯ ತುಂಬ ಕೇಳುವಂತೆ.

ಎಡಹುಬ್ಬು ಏರಿತು. ನಾನು ಮೇಜಿನ ಕೆಳಗೆ ಸರಿದೆ. ಅಪ್ಪ ಆ ಕೊಡವನ್ನೇ ಎತ್ತಿ ಅವನ ಎದೆಗೆ ಬಡಿದ. ಅವನು ಪರಾತಗಳ ಅಟ್ಟಿಯ ಮೇಲೆ ಬಿದ್ದ. ಅಷ್ಟೂ ಪರಾತ ಗುಡುಗಿದವು. ಜೊತೆಗೆ ಬಂದಿದ್ದ ಅವನ ಭಾವಮೈದುನ ಗೋಡೆಗೆ ತೂಗುಹಾಕಿದ್ದ ಅನ್ನದ ಜಾಲರಿ ಸೌಟು ಕಿತ್ತುಕೊಂಡು ಅಪ್ಪನ ಹಣೆಗೆ ಇಟ್ಟ. ರಕ್ತ ಕಣ್ಣಿಗಿಳಿಯಿತು. ಅಪ್ಪ ಒರೆಸಿಕೊಳ್ಳಲೂ ಇಲ್ಲ; ಅವನ ಕೊರಳಪಟ್ಟಿ ಹಿಡಿದು ತಲೆಯಿಂದಲೇ ಮೂಗಿಗೆ ಗುದ್ದಿದ. ಅಂಗಡಿಯ ಹುಡುಗರು, ಬೀದಿಯವರು, ಬಿಡಿಸಲು ಬಂದವರು, ಬಿಡಿಸುವ ನೆಪದಲ್ಲಿ ಹಳೆಯ ಬಾಕಿ ತೀರಿಸುವವರು ಎಲ್ಲ ಒಂದಾದರು. ನಾನು ಮಾಡಿದ್ದು ಇಷ್ಟೇ: ಬೀಟಿಗೆ ಬರುವ ಪೊಲೀಸಪ್ಪನ ದನಿಯಲ್ಲಿ, ಮೇಜಿನ ಕೆಳಗಿನಿಂದ, "ಏಯ್! ಯಾವನಲೇ ಅವ್ನು? ಹಾಕ್ರಲೇ ಜೀಪಿಗೆ!" ಎಂದು ಗದರಿದೆ. ಅರ್ಧ ಜನ ಓಡಿದರು. ಅಪ್ಪನೂ ಒಂದು ಗಳಿಗೆ ಸೆಟೆದು ನಿಂತ.

ಸುದ್ದಿ ತಿಳಿದು ಅವ್ವ ಓಡಿ ಬಂದಳು. ಅಪ್ಪನ ಹಣೆಗೆ ಅವಳ ಸೆರಗು ಒತ್ತಿಕೊಂಡು ಆಟೋದಲ್ಲಿ ಎಸ್.ಎಸ್. ಬಡಾವಣೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಅಪ್ಪನ ಹಣೆ ಹೊಲಿದು, ಕೇಳಿದರು: "ಬಿಪಿ ಇದೆಯಾ?"

"ಐತ್ರಿ ಮೇಡಂ," ಎಂದ ಅಪ್ಪ ಮಲಗಿದಲ್ಲೇ ಎದೆಯುಬ್ಬಿಸಿ. "ಮೂರು ತಲೆಮಾರಿಂದ ಐತೆ."

"ಮಾತ್ರೆ ಯಾವುದು ತಗೋತೀರಿ?"

"ಮಾತ್ರೆ ತಗಳಲ್ರಿ. ಮಾತ್ರೆ ತಗಂಡ್ರೆ ರಕ್ತ ಸತ್ತೋಗ್ತೈತೆ."

ಅವರು ಅಪ್ಪನನ್ನು ಸ್ವಲ್ಪ ಹೊತ್ತು ಸುಮ್ಮನೆ ಮಲಗಿಸಿ ತೋಳಿಗೆ ಪಟ್ಟಿ ಕಟ್ಟಿದರು. ನೋಡಿದರು. ಮತ್ತೆ ನೋಡಿದರು. "ಹೊಡೆದಾಡಿಕೊಂಡು ಬಂದಿದ್ದೀರಿ, ಇವತ್ತಿನದು ಲೆಕ್ಕಕ್ಕಿಲ್ಲ. ಆದ್ರೂ ಒಂಚೂರು ಜಾಸ್ತಿ ಇರಬೇಕಿತ್ತು. ಅದೂ ಇಲ್ಲ. ನಾರ್ಮಲ್ ಇದೆ."

ಅಪ್ಪನ ಮುಖ ನೋಡಬೇಕಿತ್ತು. ಮನೆಯ ಪತ್ರ ಪರಭಾರೆಯಾದವನ ಮುಖ.

ಆಗ ಡಾಕ್ಟರಮ್ಮನ ಕಣ್ಣು ಅವ್ವನ ಪಾದದ ಮೇಲೆ ಬಿತ್ತು. ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗುವಷ್ಟು ಊದಿಕೊಂಡಿತ್ತು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಎಂದು ಕೇಳುತ್ತಲೇ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿದರು. ನೋಡಿ, ಇನ್ನೊಂದು ತೋಳಿಗೆ ಸುತ್ತಿದರು. ಆಮೇಲೆ ದನಿ ತಗ್ಗಿಸಿ ಅವ್ವನಿಗೆ, "ಇಷ್ಟು ಬಿಪಿ ಇಟ್ಕೊಂಡು ಓಡಿ ಬಂದ್ರಾ ನೀವು?" ಎಂದರು.

"ಅವಳದು ಲೋ ಬಿಪಿ ರೀ," ಎಂದ ಅಪ್ಪ. "ಮಿಷನ್ನು ಉಲ್ಟಾ ಕಟ್ಟೀರಿ. ನಂದು ಆಕೆಗೆ ತೋರಿಸ್ತೈತೆ."

"ಮಿಷನ್ ಸರಿಯಾಗಿದೆ."

"ಸರಿ ಐತಾ? ಐತಾ ಸರಿ?" ಅಪ್ಪ ಎದ್ದು, ಯಂತ್ರ ಕಸಿದು, ಎದುರಿನ ಗೋಡೆಗೆ ಅಪ್ಪಳಿಸಿದ. ಗಾಜು ಚೂರಾಗಿ ನರ್ಸಮ್ಮನ ಕಾಲಬುಡದಲ್ಲಿ ಚೆಲ್ಲಿತು. ಪಕ್ಕದ ಔಷಧಿ ಅಂಗಡಿಯಿಂದ ಇಬ್ಬರು ಓಡಿ ಬಂದು ಅವನನ್ನು ಹಾಸಿಗೆಗೆ ಒತ್ತಿ ಹಿಡಿದರು. ಅವನು ಒಬ್ಬನ ಹೊಟ್ಟೆಗೆ ಒದ್ದ. ಈಗಷ್ಟೇ ಹಾಕಿದ್ದ ಹೊಲಿಗೆಯೊಂದು ಬಿಚ್ಚಿಕೊಂಡಿತು. ಅವ್ವ ಮೂಲೆಯಲ್ಲಿ ನಿಂತು "ಮಾಮ, ಮಾಮ" ಎನ್ನುತ್ತಿದ್ದಳು. ಡಾಕ್ಟರಮ್ಮ ಕಪಾಟಿನಿಂದ ಇನ್ನೊಂದು ಯಂತ್ರ ತೆಗೆದು ಅವ್ವನಿಗೆ ಮತ್ತೆ ಕಟ್ಟಿದರು. ಅದೂ ಅದನ್ನೇ ಹೇಳಿತು.

ಮರುದಿನ, ಅದರ ಮರುದಿನವೂ ನೋಡಿಸಿದೆವು. ಅಪ್ಪನದು ನಾರ್ಮಲ್. ಅವ್ವನದು ಇಳಿಯಲಿಲ್ಲ. ಮೂತ್ರ ಪರೀಕ್ಷೆಯ ವರದಿ ಕೈಯಲ್ಲಿ ಹಿಡಿದು ಡಾಕ್ಟರಮ್ಮ ಬಿಡಿಸಿ ಹೇಳಿದರು: ಕಿಡ್ನಿ ಸೋರಲು ಶುರುವಾಗಿದೆ. ಇನ್ನೂ ಕೈಮೀರಿಲ್ಲ. ಮಾತ್ರೆ ತಪ್ಪದೆ ತಗೊಂಡು, ಉಪ್ಪು ಬಿಟ್ಟು, ಬಿಪಿ ಇಳಿಸಿದರೆ ಕಿಡ್ನಿ ಉಳಿಸಿಕೊಳ್ಳಬಹುದು. ಬಿಟ್ಟರೆ ಒಂದೋ ಡಯಾಲಿಸಿಸ್, ಇಲ್ಲವೇ ಒಂದು ದಿನ ಲಕ್ವ.

"ಉಪ್ಪು ಎಷ್ಟು ತಿಂತೀರಿ?" ಎಂದು ಕೇಳಿದರು.

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ನಾನು ಹೇಳಿದೆ, ಲಿಂಬು ಶರಬತ್ತಿನ ಕಥೆ. ಡಾಕ್ಟರಮ್ಮ ಬಯ್ಯಲಿಲ್ಲ. ಬೈದಿದ್ದರೆ ಅಪ್ಪನಿಗೆ ಅನುಕೂಲವಾಗುತ್ತಿತ್ತು, ತಿರುಗಿ ಬಯ್ಯಬಹುದಿತ್ತು. ಅವನು ಹೊರಗೆ ಹೋಗಿ ಕಾಂಪೌಂಡಿನ ಗೋಡೆಗೆ ಆ ಕೈಯಿಂದಲೇ ಗುದ್ದಿದ, ಗೆಣ್ಣು ಸುಲಿಯುವವರೆಗೆ. ಒಳಗೆ ಬಂದಾಗ ಆ ಕೈಗೂ ಪಟ್ಟಿ ಕಟ್ಟಬೇಕಾಯಿತು. ನರ್ಸಮ್ಮ ಕಟ್ಟುವಾಗ ಬೇಕಂತಲೇ ಬಿಗಿದಳು.

"ನಿಮ್ಮ ಮನೆಯಲ್ಲಿ ಯಾರ್ಯಾರಿಗೆ ಬಿಪಿ ಇತ್ತು, ಹೇಳಿ" ಎಂದು ಡಾಕ್ಟರಮ್ಮ ಕಾಗದದ ಮೇಲೆ ಮನೆತನದ ಮರ ಬರೆಯಲು ಕೂತರು. ಅಪ್ಪನ ಅಕ್ಕ ಎಂದು ಒಂದು ಸೊನ್ನೆ ಬರೆದರು. ಅವ್ವನ ಅವ್ವ ಎಂದು ಇನ್ನೊಂದು. "ಅವೆರಡೂ ಒಂದೇ ರೀ" ಎಂದೆ ನಾನು. ಹೊಡೆದುಹಾಕಿದರು. ಅಪ್ಪನ ಅಪ್ಪ ಎಂದು ಒಂದು. "ಅವರು ಅವ್ವನಿಗೆ ಅಜ್ಜ." ಗೆರೆಗಳು ಒಂದರ ಮೇಲೊಂದು ಹತ್ತಿ, ಕೊನೆಗೆ ಡಾಕ್ಟರಮ್ಮ ಪೆನ್ನಿಟ್ಟು, "ಇದು ಮರಾನೋ, ಮೀನಿನ ಬಲೆನೋ?" ಎಂದರು.

ಅಪ್ಪ ಬಾಗಿಲು ಕಡಿದವನ, ಕಿವಿ ಕಚ್ಚಿದವನ ಹೆಸರು ಹೇಳಿದ. ಅವರು ಹೇಗೆ ಸತ್ತರು ಎಂದು ಕೇಳಿದರೆ, ಇಬ್ಬರೂ ಹಣ್ಣುಹಣ್ಣಾಗಿ, ಬೈಯುತ್ತಲೇ ಸತ್ತಿದ್ದರು. ಹೆಂಗಸರು? ಅಪ್ಪ ಯೋಚಿಸಿದ. ಅವನ ಅವ್ವ ರೊಟ್ಟಿ ತಟ್ಟುತ್ತಿದ್ದವಳು ಒಲೆಯ ಮುಂದೆಯೇ ವಾಲಿ, ಬಾಯಿ ಸೊಟ್ಟಗಾಗಿ, ಒಂದು ವರ್ಷ ಮಾತಿಲ್ಲದೆ ಬಿದ್ದಿದ್ದು ಹೋದಳು. ಅವಳ ತಂಗಿ ಕಾಲು ಊದಿ, ಉಚ್ಚೆ ನಿಂತು ಹೋದಳು. "ಅವರೆಲ್ಲ ಭಾಳ ಸಮಾಧಾನದೋರು ರೀ. ಅವರಿಗೆಲ್ಲಿ ಬಿಪಿ?"

"ಅವರಿಗೇ ಇದ್ದಿರಬೇಕು" ಎಂದರು ಡಾಕ್ಟರಮ್ಮ. "ಬಿಪಿ ಒಂದೇ ಬೀಜದಿಂದ ಬರೋದಲ್ಲ. ಸಣ್ಣ ಸಣ್ಣ ಅಂಶ ನೂರಾರಿರ್ತವೆ, ಒಂದೊಂದೂ ಒಂದಿಷ್ಟು ತಳ್ತದೆ. ಕೆಲವು ಮನೆತನದವರ ಕಿಡ್ನಿ ತಿಂದ ಉಪ್ಪನ್ನ ಹೊರಗೆ ಬಿಡೋದೇ ಇಲ್ಲ, ಹಿಡಕೊಂಡು ಕೂರ್ತದೆ. ಅಂಥವರಿಗೆ ಸಕ್ಕರೆ ಕಾಯಿಲೆನೂ ಬಂದ್ರೆ ಬಿಪಿ ಹಿಂದೇನೇ ಬರ್ತದೆ, ಎರಡೂ ಸೇರಿ ಕಿಡ್ನಿ ತಿಂತವೆ. ನೀವು ಒಳಒಳಗೇ ಮದುವೆ ಮಾಡ್ಕೊಂಡು ಬಂದಿದೀರಿ. ಎರಡೂ ಕಡೆಯಿಂದ ಅವೇ ಅಂಶ ಬರೋ ಸಾಧ್ಯತೆ ಹೆಚ್ಚು. ನಿಮ್ಮ ಮಗನೂ ವರ್ಷಕ್ಕೊಂದ್ಸಲ ನೋಡಿಸ್ಕೋಬೇಕು."

ನಾನು ಮಗನಲ್ಲವೆಂಬಂತೆ ಕಿಟಕಿಯ ಕಡೆ ನೋಡಿದೆ.

"ಹಂಗಾದ್ರೆ ನನ್ನ ಸಿಟ್ಟು ಏನ್ರಿ?" ಎಂದ ಅಪ್ಪ.

"ಅದು ಸಿಟ್ಟು. ಅಷ್ಟೆ."

ಅವ್ವ ಮಾತ್ರ ಮಾತ್ರೆ ಒಲ್ಲೆ ಎಂದಳು. ಮನೆಗೆ ಬಂದ ಮೇಲೆ, ಮಾತ್ರೆ ಪಟ್ಟಿಯನ್ನು ಕೈಚೀಲದಲ್ಲಿ ಹಾಗೇ ಬಿಟ್ಟು, ಅಕ್ಕಿ ಆರಿಸುತ್ತ ಕೂತಳು. "ಹೆಂಗಸಿಗೆ ಬಿಪಿ ಐತೆ ಅಂದ್ರೆ ಜನ ಏನಂತಾರೆ? ಗಂಡನ್ನ ಹರಕೊಂಡು ತಿನ್ನೋಳು ಅಂತಾರೆ. ನಮ್ಮವ್ವಗೂ ಸಕ್ಕರೆ ಕಾಯಿಲೆ ಐತೆ, ಬಿಪಿ ಇಲ್ಲ. ಆಕೆಗಿಲ್ಲದ್ದು ನನಗೆಲ್ಲಿಂದ ಬಂತು? ಅವ್ವ ಹೌದು ಅನ್ನಲಿ, ನುಂಗ್ತೀನಿ."

ಅಪ್ಪ ಒಂದು ದಿನ ತಡೆದ. ಎರಡನೆಯ ದಿನ ಬೆಳಿಗ್ಗೆ ಅವಳ ತಲೆಯನ್ನು ಗೋಡೆಗೆ ಒತ್ತಿ ಹಿಡಿದು, ಮೂಗು ಮುಚ್ಚಿ, ಎಮ್ಮೆಗೆ ಬಿದಿರ ಗೊಟ್ಟ ಹಾಕಿ ಔಷಧಿ ಕುಡಿಸುವವನಂತೆ ಮಾತ್ರೆಯನ್ನು ಬಾಯಿಗೆ ತುರುಕಿದ. "ನುಂಗು! ಸಾಯ್ತೀಯೇನು? ನುಂಗಲೇ!" ನಾನು ಅವನ ನಡು ಹಿಡಿದು ಎಳೆದೆ, ಮೊಣಕೈ ನನ್ನ ಪಕ್ಕೆಗೆ ಬಿತ್ತು. ಅವ್ವ ಮಾತ್ರೆ ನುಂಗಲಿಲ್ಲ. ಅವನ ಬೆರಳನ್ನು ಕಚ್ಚಿದಳು. ಹಾಗೆ ಹೀಗೆ ಅಲ್ಲ. ಅಪ್ಪ ಕೂಗಿದ ಕೂಗಿಗೆ ಎದುರುಮನೆಯವರು ಹೊರಗೆ ಬಂದರು. ಬಿಟ್ಟಾಗ ಬೆರಳಿನಲ್ಲಿ ಹಲ್ಲಿನ ಸಾಲು ಕೆಂಪಗೆ ಮೂಡಿತ್ತು. ಅವ್ವ ಮಾತ್ರೆಯನ್ನು ಉಗುಳಿ, ಬಾಯಿ ಒರೆಸಿಕೊಂಡು, ಮತ್ತೆ ಅಕ್ಕಿಯ ಮೊರ ಎಳೆದುಕೊಂಡಳು. ಅಪ್ಪ ಹೊಡೆಯಲು ಕೈ ಎತ್ತಿದವನು, ಆ ಕೈಯಲ್ಲಿನ ಹಲ್ಲಿನ ಗುರುತು ನೋಡಿ, ಮೊರವನ್ನು ಒದ್ದು ಹೋದ. ಅಕ್ಕಿ ನಡುಮನೆಯ ತುಂಬ ಚೆಲ್ಲಿತು.

ಅವಳ ಕಾಲು ಇನ್ನೂ ಊದುತ್ತಿತ್ತು. ಚಪ್ಪಲಿ ಹಿಡಿಸುತ್ತಿರಲಿಲ್ಲ. ಮೂವರೂ ಹರಿಹರದ ಬಸ್ಸು ಹತ್ತಿದೆವು.

ಅಜ್ಜಿ ಹೊಳೆಯ ಕಡೆಯ ಬೀದಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾಳೆ. ಒಣಗಿದ ಕಡ್ಡಿಯಂಥ ಮುದುಕಿ. ಸೊಂಟದಲ್ಲಿ ಎಲೆಅಡಿಕೆಯ ಸಂಚಿ, ಅದರೊಳಗೆ ಅಡಿಕೆ ಕತ್ತರಿಸುವ ಅಡಕೊತ್ತು, ಸುಣ್ಣದ ಡಬ್ಬಿ. ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದು ಮೊದಲ ಎಲೆ ಹಾಕುವಾಗ ಎದುರು ಯಾರೂ ಇರಬಾರದು ಎಂಬುದು ಅವಳ ನೇಮ. ಊರವರೆಲ್ಲ ಅದನ್ನು ಭಕ್ತಿ ಎಂದುಕೊಂಡಿದ್ದರು.

ಅಪ್ಪ ಚಹಾ ಬರುವ ಮೊದಲೇ ಕೇಳಿದ: "ಅಕ್ಕಾ, ನಿನಗೆ ಬಿಪಿ ಐತೇನು?"

"ಥೂ! ನನಗ್ಯಾಕೆ ಬಿಪಿ? ನಾನು ಯಾರ ತಂಟೆಗೆ ಹೋಗೀನಿ?"

"ನಿಜ ಹೇಳು. ನಿನ್ನ ಮಗಳು ಮಾತ್ರೆ ನುಂಗ್ತಿಲ್ಲ."

"ಯಾಕೆ ನುಂಗಬೇಕು? ನನ್ನ ಮಗಳು ಹಸು. ನಿನಗಿರೋ ರೋಗಾನ ಆಕೆಗೆ ಕಟ್ಟಬ್ಯಾಡ."

"ಅವನಿಗೆ ಇಲ್ಲಂತೆ ಅಜ್ಜಿ," ಎಂದೆ ನಾನು. "ಡಾಕ್ಟ್ರು ವಾಪಸ್ ಇಸ್ಕಂಡ್ರು."

"ಬಾಯಿ ಮುಚ್ಚು, ಮಂಗ್ಯಾ."

ಅವ್ವ ಗೆದ್ದವಳಂತೆ ಅಪ್ಪನ ಕಡೆ ನೋಡಿದಳು. ಅಪ್ಪ ಹಲ್ಲು ಕಡಿಯುತ್ತಿದ್ದ. ಅವಳ ಕಾಲಿನ ಊತದ ಮೇಲೆ ನನ್ನ ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಬಸ್ಸಿನಲ್ಲಿ ಒತ್ತಿ ನೋಡಿದ್ದೆ. ನನಗೆ ಬುದ್ಧಿಯ ಮಾತು ಬರುವುದಿಲ್ಲ, ಬರುವುದು ಒಂದೇ ವಿದ್ಯೆ. ಎದ್ದು ನಿಂತು, ಅವ್ವನ ಹಾಗೆ ಸೆರಗು ಹೊದ್ದಂತೆ ಹೆಗಲ ಮೇಲೆ ಟವೆಲು ಎಳೆದುಕೊಂಡೆ. ಅವ್ವ ನಡೆಯುವಂತೆ ಪಾದ ಎಳೆದು ಎರಡು ಹೆಜ್ಜೆ ನಡೆದೆ. ಅಜ್ಜಿ ನಕ್ಕಳು. ಆಮೇಲೆ ಬಾಯಿಯ ಒಂದು ಮೂಲೆ ಕೆಳಗೆ ಜಾರಿಸಿದೆ. ಒಂದು ಕಣ್ಣು ಅರ್ಧ ಮುಚ್ಚಿದೆ. ಒಂದು ಕೈ ಸತ್ತುಹೋದಂತೆ ಜೋತುಬಿಟ್ಟು, ಜೊಲ್ಲು ಸುರಿಸುತ್ತ, ಅವ್ವನದೇ ದನಿಯಲ್ಲಿ "ಅ... ವ್ವಾ... ನೀ... ರು..." ಎಂದೆ.

ಅಜ್ಜಿ ನಗು ನಿಲ್ಲಿಸಿದ್ದು ನನಗೆ ಕಾಣಲಿಲ್ಲ. ಅವಳು ತನ್ನ ಅವ್ವನನ್ನು ಆ ಅವಸ್ಥೆಯಲ್ಲಿ ಒಂದು ವರ್ಷ ತೊಳೆದು ಬಳಿದವಳು. ಸಂಚಿಯನ್ನೇ ನಡುವಿನಿಂದ ಕಿತ್ತು ನನ್ನ ಮುಖಕ್ಕೆ ಬೀಸಿದಳು. ಒಳಗಿನ ಅಡಕೊತ್ತು ದವಡೆಗೆ ಬಡಿಯಿತು; ಕಿವಿಯಲ್ಲಿ ಗುಂಯ್ ಎಂದಿತು, ಬಾಯಿಗೆ ರಕ್ತದ ರುಚಿ ಬಂತು. ಅಷ್ಟಕ್ಕೆ ಬಿಡಲಿಲ್ಲ. ಕೂದಲು ಹಿಡಿದು ಬಗ್ಗಿಸಿ, ಬೆನ್ನಿಗೆ, ತಲೆಗೆ, ಎರಡೂ ಕೈಯಿಂದ ಗುದ್ದಿದಳು. "ನನ್ನ ಮಗಳ ಬಾಯಿ ಸೊಟ್ಟ ಮಾಡ್ತೀಯೇನಲೇ! ನನ್ನ ಮಗಳದಾ! ನಿನ್ನ ನಾಲಿಗಿ ಸೀದು ಹೋಗ್ಲಿ!" ಇಡೀ ವಂಶದಲ್ಲಿ ಅಪ್ಪನ ಕೈಯೇ ಭಾರ ಎಂದುಕೊಂಡಿದ್ದ ನಾನು ಅಂದು ಅಭಿಪ್ರಾಯ ಬದಲಿಸಿದೆ. ಅಪ್ಪನೇ ಬಂದು ಬಿಡಿಸಿದ. ಅಪ್ಪ ಜಗಳ ಬಿಡಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಚಿ ಬಾಯಿ ಬಿಚ್ಚಿ ನೆಲದ ಮೇಲೆ ಬಿದ್ದಿತ್ತು. ಎಲೆ, ಅಡಿಕೆ ಹೋಳು, ಸುಣ್ಣದ ಡಬ್ಬಿ. ಅವುಗಳ ನಡುವೆ ಒಂದು ಬೆಳ್ಳಗಿನ ಮಾತ್ರೆ ಪಟ್ಟಿ, ಅರ್ಧ ಖಾಲಿ.

ಅವ್ವ ಬಗ್ಗಿ ಎತ್ತಿಕೊಂಡಳು. ತನ್ನ ಚೀಲದಿಂದ ಇನ್ನೊಂದು ಪಟ್ಟಿ ತೆಗೆದು ಪಕ್ಕದಲ್ಲಿ ಹಿಡಿದಳು. ಅಕ್ಷರ ಒಂದೊಂದಾಗಿ ಕೂಡಿಸಿ ಓದಿದಳು. ಒಂದೇ ಮಾತ್ರೆ.

ಅಜ್ಜಿ ಏದುಸಿರು ಬಿಡುತ್ತ ಕಂಬಕ್ಕೆ ಒರಗಿ ಕೂತಳು. "ಐತೆ," ಎಂದಳು. "ನೀನು ಹೊಟ್ಟ್ಯಾಗಿದ್ದಾಗಿಂದ ಐತೆ. ಹೆರಿಗಿ ಡಾಕ್ಟ್ರು ಹೇಳಿದ್ರು. ದಿನಾ ನುಂಗ್ತೀನಿ, ಎಲಿ ಒಳಗಿಟ್ಟು."

"ಯಾಕ ಹೇಳ್ಲಿಲ್ಲ?"

"ಹೆಂಗೆ ಹೇಳಲಿ? ಜಗಳಗಂಟಿ ಮಗಳು ಅಂದು ನಿನಗೆ ಯಾರು ಗಂಡು ಕೊಡ್ತಿದ್ರು? ಹೊರಗಿನೋರು ಬಂದ್ರೆ ಎಲ್ಲಿ ಬಯಲಾಗ್ತೈತೋ ಅಂತ ಬಂದ ಸಂಬಂಧ ಎಲ್ಲ ಬ್ಯಾಡ ಅಂದೆ. ಮನಿಯೊಳಗೇ ಇರಲಿ ಅಂತ ನನ್ನ ತಮ್ಮಗೆ ಕೊಟ್ಟೆ."

ಅಪ್ಪ ಬಾಗಿಲ ಬಳಿ ನಿಂತಿದ್ದ. ಅವನಿಗೂ ಇದು ಗೊತ್ತಿರಲಿಲ್ಲ ಎಂಬುದು ಅವನ ಬಾಯಿ ತೆರೆದಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅವ್ವನ ಕೈ ತನ್ನ ಹುಬ್ಬಿನ ಮೇಲಿನ ಕಲೆಗೆ ಹೋಯಿತು.

"ಇದಕ್ಕಾ?" ಎಂದಳು. "ಒಂದು ಗುಳಿಗಿ ಮುಚ್ಚಿಡಾಕ ನನ್ನ ಈ ಮನುಷ್ಯಗೆ ಕೊಟ್ಟ್ಯಾ, ಅವ್ವಾ?"

ಅಜ್ಜಿ ಏನೋ ಹೇಳಲು ಹೋದಳು. ಅವ್ವ ಊದಿದ ಪಾದದಿಂದ ಸುಣ್ಣದ ಡಬ್ಬಿಯನ್ನು ತುಳಿದಳು. ಒಮ್ಮೆ ತುಳಿದಾಗ ಸೊಟ್ಟಗಾಯಿತು, ಮತ್ತೆ ತುಳಿದಾಗ ಮುಚ್ಚಳ ಹಾರಿ ಸುಣ್ಣ ನೆಲಕ್ಕೆ ಚಿಮ್ಮಿತು. ಎಲೆಗಳನ್ನೆಲ್ಲ ಹಿಮ್ಮಡಿಯಲ್ಲಿ ಅರೆದಳು. "ಅಯ್ಯೋ, ಲಕ್ಷ್ಮೀನ ತುಳೀಬ್ಯಾಡ" ಎಂದು ಅಜ್ಜಿ ಅಂಗಲಾಚಿದರೂ ಕೇಳಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ, ತಾನೇ ನೀರು ಬಗ್ಗಿಸಿಕೊಂಡು, ಬಾಗಿಲಲ್ಲಿ ನಿಂತು, ನಾವು ಮೂವರೂ ನೋಡುತ್ತಿರುವಂತೆ ಮಾತ್ರೆ ನುಂಗಿದಳು.

ದಾವಣಗೆರೆಗೆ ಬರುವ ಬಸ್ಸಿನಲ್ಲಿ ಅವ್ವ ಬೇರೆ ಸೀಟಿನಲ್ಲಿ ಕೂತಳು. ಅಪ್ಪ ನನ್ನ ಪಕ್ಕ. ನನ್ನ ದವಡೆ ಬಾತು ಬಾಯಿ ನಿಜವಾಗಿಯೂ ಸೊಟ್ಟಗಾಗಿತ್ತು, ನಟನೆಗೆ ಖರ್ಚಿಲ್ಲ. ಅಪ್ಪ ಒಮ್ಮೆ ಎದ್ದು ಅವಳ ಸೀಟಿನ ತನಕ ಹೋಗಿ, ಕಂಬಿ ಹಿಡಿದು ನಿಂತು, ಮರಳಿ ಬಂದ.

ಮರುದಿನ ಬೆಳಿಗ್ಗೆ ನಿಟ್ಟುವಳ್ಳಿಯಲ್ಲಿ ನೀರು ಬಿಟ್ಟಿದ್ದರು. ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ನಲ್ಲಿಯ ಸುತ್ತ ಇದ್ದರು. ಅವ್ವ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಹೊರಗಿನ ಕಟ್ಟೆಗೇ ಬಂದಳು. ನಾನು ಹಲ್ಲುಜ್ಜುತ್ತಿದ್ದೆ, ಒಂದೇ ಕಡೆ. ಅಪ್ಪ ಒಳಬಾಗಿಲಲ್ಲಿ ಅಂಗಿ ತೊಡುತ್ತಿದ್ದ.

"ಏನ್ರಿ ಅದು, ಸಕ್ಕರಿ ಕಾಯಿಲೆದಾ?" ಎಂದು ಎದುರುಮನೆಯವರು ಕೇಳಿದರು.

"ಅಲ್ಲ. ಬಿಪಿ ಮಾತ್ರಿ. ನನಗೆ ಬಿಪಿ ಐತ್ರಿ."

ನಲ್ಲಿಯ ಕೆಳಗಿನ ಕೊಡ ತುಂಬಿ ಹರಿಯಿತು. ಯಾರೂ ತೆಗೆಯಲಿಲ್ಲ.

"ನಿಮಗಾ? ಅಯ್ಯ, ನಿಮಗೆ ಒಂದಿನಾನೂ ಸಿಟ್ಟು ಬಂದಿದ್ದು ನೋಡಿಲ್ವಲ್ರಿ ನಾವು!"

ಅವ್ವ ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ನುಂಗಿದ್ದು ಗಂಟಲಿಳಿಯುವ ತನಕ ತಡೆದಳು.

"ಬರ್ತೈತ್ರಿ," ಎಂದಳು. "ಮೊದಲಿಂದಾನೂ ಬರ್ತೈತೆ."